ಕೊನೆಯ ಹತ್ತು ಅಡಿ

ಅಪ್ಪ ತೀರಿಕೊಂಡ ಮೇಲೆ ವಿಜಯನಗರದ ಕನ್ನಡಕದ ಅಂಗಡಿಯನ್ನು ನಾನೇ ನೋಡಿಕೊಳ್ಳಬೇಕಾಯಿತು. ಕಣ್ಣಿನ ಪರೀಕ್ಷೆಯ ಡಿಪ್ಲೊಮಾ ಮುಗಿಸಿ ಆರು ವರ್ಷ ಅಪ್ಪನ ಪಕ್ಕದಲ್ಲೇ ಕೆಲಸ ಮಾಡಿದ್ದೆ. ಆದರೂ ಗಿರಾಕಿಗಳು ಬಾಗಿಲಲ್ಲೇ ನಿಂತು, ನನ್ನ ತಲೆಯ ಮೇಲಿಂದ ಒಳಗೆ ಇಣುಕಿ, ಡಾಕ್ಟರು ಎಷ್ಟು ಗಂಟೆಗೆ ಬರುತ್ತಾರೆ ಎಂದು ಕೇಳುತ್ತಿದ್ದರು. ನಾನೇ ನೋಡುವುದು ಎಂದರೆ, ಸಂಜೆ ಬರುತ್ತೇವೆ ಎಂದು ಹೊರಟುಬಿಡುತ್ತಿದ್ದರು. ಸಂಜೆ ಬರುತ್ತಿರಲಿಲ್ಲ.

ಹಾಗೆ ಕೇಳದೆ ನೇರ ಒಳಗೆ ಬಂದು ಕುರ್ಚಿಯಲ್ಲಿ ಕೂತವರಲ್ಲಿ ಬಸವೇಶ್ವರನಗರದ ಅಂಕಲ್ ಮೊದಲಿಗರು. ಅಪ್ಪನ ಕಾಲದಿಂದ ನಮ್ಮಲ್ಲೇ ಕನ್ನಡಕ ಮಾಡಿಸುತ್ತಿದ್ದವರು. ಆಗ ಅವರಿಗೆ ಅರವತ್ತು ದಾಟಿ ಮೂರ್ನಾಲ್ಕು ವರ್ಷ. ಎತ್ತರದ ಆಳು, ಸದಾ ಅರ್ಧ ತೋಳಿನ ಬಿಳಿ ಅಂಗಿ, ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಗ್ರೀಸಿನ ಕಪ್ಪು. ಸುಂಕದಕಟ್ಟೆಯಲ್ಲಿ ಒಂದು ಶೆಡ್ ಬಾಡಿಗೆಗೆ ಹಿಡಿದು ಇಪ್ಪತ್ತು ವರ್ಷ ಲೇತ್ ಕೆಲಸದ ಸಣ್ಣ ಕಾರ್ಖಾನೆ ನಡೆಸಿದ್ದರು. ಹರೆಯದಲ್ಲಿ ವಿಮಾನ ಹಾರಿಸುವುದನ್ನು ಕಲಿತು ಲೈಸೆನ್ಸ್ ಪಡೆದಿದ್ದರಂತೆ. ಸಂಸಾರ, ಕಾರ್ಖಾನೆ ಎಂದು ಅದು ಮೂಲೆ ಸೇರಿತ್ತು. ಕಾರ್ಖಾನೆ ಮುಚ್ಚಿದ ಮೇಲೆ ಲೈಸೆನ್ಸಿಗೆ ಮತ್ತೆ ಜೀವ ಕೊಡಿಸಿ, ಯಾರೋ ಮಾರುತ್ತಿದ್ದ ಎರಡು ಸೀಟಿನ ಹಳೆಯ ವಿಮಾನವೊಂದನ್ನು ಕೊಂಡರು. ಒಬ್ಬರೇ ಕೊಳ್ಳುವ ಶಕ್ತಿ ಇರಲಿಲ್ಲ; ಶೆಡ್ಡಿನ ಮಾಲೀಕರು ಜೊತೆಗೂಡಿದರು.

ಆ ಮಾಲೀಕರು ಸುಂಕದಕಟ್ಟೆಯ ಹಳೆಯ ಒಕ್ಕಲು ಮನೆಯವರು. ಊರವರೆಲ್ಲ ಯಜಮಾನರು ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ರಾಗಿ ಬೆಳೆಯುತ್ತಿದ್ದ ಅವರ ಹೊಲದಲ್ಲಿ ಶೆಡ್ಡುಗಳು ಎದ್ದಿದ್ದವು, ಉಳಿದದ್ದು ಸೈಟುಗಳಾಗಿತ್ತು. ವಿಮಾನ ಹಾರಿಸಲು ಅವರಿಗೆ ಬರುತ್ತಿರಲಿಲ್ಲ, ಕಲಿಯುವ ಆಸೆಯೂ ಇರಲಿಲ್ಲ. ಪಕ್ಕದ ಸೀಟಿನಲ್ಲಿ ಕೂತು ಕೆಳಗೆ ನೋಡಬೇಕು, ಅಷ್ಟೆ. ಮನೆಗಳ ನಡುವೆ ತಮ್ಮ ಹೊಲದ ಬದುಗಳು ಎಲ್ಲಿದ್ದವು ಎಂದು ದೂರದಿಂದಲೇ ಬೆರಳು ತೋರಿಸಿ ಲೆಕ್ಕ ಹಾಕುತ್ತಾರೆ ಎಂದು ಅಂಕಲ್ ನಗುತ್ತಾ ಹೇಳುತ್ತಿದ್ದರು.

ಕೆಂಗೇರಿ ದಾಟಿ, ಮೈಸೂರು ರಸ್ತೆಯಿಂದ ಒಳಗೆ ಹೋದರೆ ಅಂಕಲ್‌ಗೆ ಪರಿಚಯದವರೊಬ್ಬರ ತೋಟವಿತ್ತು. ಅದರ ಅಂಚಿನಲ್ಲಿ ಮಣ್ಣನ್ನು ಗಟ್ಟಿ ಮಾಡಿ ಸಮತಟ್ಟು ಮಾಡಿದ ರನ್‌ವೇ, ಪಕ್ಕಕ್ಕೆ ತಗಡಿನ ಚಾವಣಿ. ವಿಮಾನ ಅಲ್ಲಿರುತ್ತಿತ್ತು. ಭಾನುವಾರ ಬೆಳಿಗ್ಗೆ ಇಬ್ಬರೂ ಒಂದೇ ಸ್ಕೂಟರಿನಲ್ಲಿ ಅಲ್ಲಿಗೆ ಹೋಗುತ್ತಿದ್ದರು.

ಅಂಕಲ್ ಆ ಸಲ ಬಂದದ್ದು ಎಡಗಣ್ಣಿನ ಗಾಜು ಸರಿಯಿಲ್ಲ ಎಂದು. ಎಷ್ಟು ಒರೆಸಿದರೂ ಮಂಜು ಕೂತ ಹಾಗಿದೆ, ಬಿಸಿಲಿಗೆ ಹೋದರೆ ಎಲ್ಲ ಬೆಳ್ಳಗಾಗುತ್ತದೆ ಎಂದರು. ಚಾರ್ಟಿಗೆ ಬೇಕಾದಷ್ಟು ದೂರ ನಮ್ಮ ಅಂಗಡಿಯಲ್ಲಿ ಇರಲಿಲ್ಲ. ಎಡಬಲ ಅದಲುಬದಲಾಗಿ ಅಚ್ಚಾದ ಅಕ್ಷರಗಳ ಚಾರ್ಟನ್ನು ಕುರ್ಚಿಯ ಹಿಂದೆ ತೂಗುಹಾಕಿ, ಎದುರಿನ ಕನ್ನಡಿಯಲ್ಲಿ ಓದಿಸುತ್ತಿದ್ದೆವು. ಬಲಗಣ್ಣಿನಲ್ಲಿ ಕೊನೆಯ ಸಾಲಿನವರೆಗೂ ಸರಾಗವಾಗಿ ಓದಿದರು. ಎಡಗಣ್ಣಿನಲ್ಲಿ ಅರ್ಧಕ್ಕೇ ನಿಂತರು. ಯಾವ ಗಾಜು ಹಾಕಿದರೂ ಮುಂದೆ ಹೋಗಲಿಲ್ಲ. ಟಾರ್ಚ್ ಬಿಟ್ಟು ನೋಡಿದೆ. ಪಾಪೆಯ ಹಿಂದೆ ಬೂದು ಬಣ್ಣದ ಪೊರೆ ಕಾಣುತ್ತಿತ್ತು.

ಪೊರೆ ಬಂದಿದೆ ಅಂಕಲ್, ಎಂದು ಹೇಳಿದೆ. ಹೇಳಲಿಲ್ಲ ಎಂದು ಇವತ್ತಿಗೂ ನಾನು ಹೇಳಿಕೊಳ್ಳುವ ಹಾಗಿಲ್ಲ. ಆಪರೇಷನ್ ದೊಡ್ಡದೇನಲ್ಲ, ಒಳಗೇ ಒಂದು ಲೆನ್ಸ್ ಇಡುತ್ತಾರೆ, ಅದೇ ದಿನ ಮನೆಗೆ ಬರಬಹುದು ಎಂದೂ ಹೇಳಿದೆ. ಅವರು ಕನ್ನಡಕವನ್ನು ಕೈಯಲ್ಲಿ ತಿರುಗಿಸುತ್ತಾ, ಹಾಗಾದರೆ ಲೈಸೆನ್ಸಿನ ಕತೆ ಏನು ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೆ. ಈ ವಯಸ್ಸಿನಲ್ಲಿ ಕಣ್ಣಿನ ಆಪರೇಷನ್ ಎಂದು ಒಂದು ಸಲ ಕಾಗದದ ಮೇಲೆ ಬಿದ್ದರೆ ಮತ್ತೆ ಯಾರೂ ಕೊಡುವುದಿಲ್ಲ ಎಂದು ಅವರು ತಾವೇ ತೀರ್ಮಾನಿಸಿದರು. ಆಪರೇಷನ್ ಆಗಿ ಕೆಲವು ತಿಂಗಳು ಕಳೆದು, ಕಣ್ಣು ಸರಿಯಿದೆ ಎಂದು ವೈದ್ಯರು ಬರೆದುಕೊಟ್ಟರೆ ಮತ್ತೆ ಹಾರಿಸಬಹುದಿತ್ತು. ಈ ಸಂಗತಿ ನನಗೆ ತಿಳಿದದ್ದು ಒಂದು ವರ್ಷದ ನಂತರ. ಒಂದು ಫೋನ್ ಮಾಡಿ ವಿಚಾರಿಸಿದ್ದರೆ ಅವತ್ತೇ ತಿಳಿಯುತ್ತಿತ್ತು. ನಾನು ಫೋನ್ ಮಾಡಲಿಲ್ಲ.

ಅವತ್ತು ಇನ್ನೊಂದು ಕೆಲಸ ಮಾಡಿದೆ. ಎರಡು ಪೆನ್ನು ತೆಗೆದುಕೊಂಡು, ಒಂದನ್ನು ನಾನು ನೆಟ್ಟಗೆ ಹಿಡಿದು, ಇನ್ನೊಂದನ್ನು ಅವರ ಕೈಗೆ ಕೊಟ್ಟು, ಮೇಲಿನಿಂದ ತಂದು ತುದಿಗೆ ತುದಿ ಮುಟ್ಟಿಸಿ ಎಂದೆ. ಎರಡೂ ಕಣ್ಣು ಸರಿಯಾಗಿ ಸೇರಿ ಕೆಲಸ ಮಾಡಿದರೆ ಮಾತ್ರ ದೂರ ಹತ್ತಿರದ ಅಂದಾಜು ಸಿಗುತ್ತದೆ. ಮಕ್ಕಳೂ ಸುಲಭವಾಗಿ ಮುಟ್ಟಿಸುತ್ತಾರೆ. ಅಂಕಲ್ ಪೆನ್ನು ನನ್ನ ಪೆನ್ನಿನ ಮುಂದೆ ಒಂದು ಇಂಚು ಖಾಲಿ ಗಾಳಿಯಲ್ಲಿ ಇಳಿಯಿತು. ಇನ್ನೊಮ್ಮೆ ಮಾಡಿಸಿದೆ. ಈ ಸಲ ಹಿಂದಕ್ಕೆ ಹೋಯಿತು. ಅವರು ನಕ್ಕು, ಕಾಫಿ ಕುಡಿಯದೆ ಬಂದಿದ್ದೇನೆ, ಕೈ ನಡುಗುತ್ತಿದೆ ಎಂದರು. ಕೈ ನಡುಗುತ್ತಿರಲಿಲ್ಲ. ಲೇತ್ ಕೆಲಸದವರ ಕೈ ಅದು.

ಹೊರಡುವ ಹೊತ್ತಿಗೆ ಅಟ್ಟದ ಕಡೆ ನೋಡಿ ಕೇಳಿದರು. “ನಿಮ್ಮಪ್ಪಂದು ಒಂದು ಹಳೇ ಚಾರ್ಟ್ ಇತ್ತಲ್ಲ, ಕನ್ನಡಿ ಇಲ್ದೇನೆ ಓದೋದು. ಅದನ್ನ ಕೊಡ್ತೀಯೇನಮ್ಮ? ಬರೋ ತಿಂಗಳು ಲೈಸೆನ್ಸಿನ ಮೆಡಿಕಲ್ ಇದೆ.”

ಯಾಕೆ ಎಂದು ನಾನು ಕೇಳಬೇಕಿರಲಿಲ್ಲ. ಆ ಅಚ್ಚಿನ ಚಾರ್ಟು ಊರಿನ ಅರ್ಧಕ್ಕರ್ಧ ಕ್ಲಿನಿಕ್ಕುಗಳ ಗೋಡೆಯ ಮೇಲಿತ್ತು. ಬಾಯಿಪಾಠ ಮಾಡಿದರೆ ಎಲ್ಲಿ ಬೇಕಾದರೂ ಒಪ್ಪಿಸಬಹುದು. ನಾನು ಸ್ಟೂಲು ಹತ್ತಿ ಚಾರ್ಟು ತೆಗೆದು, ಧೂಳು ಒರೆಸಿ, ಸುರುಳಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟೆ.

ಯಾಕೆ ಕೊಟ್ಟೆ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಆ ಮನುಷ್ಯ ಎಲ್ಲರೆದುರು ನನ್ನ ಮೇಲೆ ನಂಬಿಕೆ ಇಟ್ಟು ಕುರ್ಚಿಯಲ್ಲಿ ಕೂತಿದ್ದರು. ಬಸವೇಶ್ವರನಗರದಿಂದ ಹತ್ತು ಜನರನ್ನು ಕಳಿಸಿ, ಹುಡುಗಿ ಚೆನ್ನಾಗಿ ನೋಡುತ್ತಾಳೆ ಎಂದು ಹೇಳಿದ್ದರು. ಅಪ್ಪ ಇಲ್ಲದ ಆ ವರ್ಷ ಅವರು ಬಂದು ಹೋದ ದಿನ ಅಂಗಡಿ ತುಂಬಿದ ಹಾಗಿರುತ್ತಿತ್ತು. ಅಂಥವರಿಗೆ ಆಗುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಅವರ ಖುಷಿಯನ್ನು ಕಿತ್ತುಕೊಳ್ಳುವವಳು ನಾನಾಗಬಾರದು ಎನಿಸಿತು. ಅದನ್ನು ನಾನು ಒಳ್ಳೆಯತನ ಎಂದುಕೊಂಡಿದ್ದೆ.

ಮೆಡಿಕಲ್ ಪಾಸಾಯಿತು. ಅಂಕಲ್ ಬಾದಾಮಿ ಹಲ್ವದ ಪೊಟ್ಟಣ ಹಿಡಿದು ಬಂದು, ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಗಾಜಿನ ಕೌಂಟರಿನ ಮೇಲೆ ಕನ್ನಡಕದ ಡಬ್ಬಿಯನ್ನೇ ವಿಮಾನ ಮಾಡಿಕೊಂಡು ಇಳಿಯುವುದು ಹೇಗೆಂದು ತೋರಿಸಿದರು. ಮೇಲೇರಿಸುವುದನ್ನು ಯಾರು ಬೇಕಾದರೂ ಕಲಿಯುತ್ತಾರೆ, ಇಂಥ ಸಣ್ಣ ವಿಮಾನಗಳು ಪೆಟ್ಟು ತಿನ್ನುವುದು ಹೆಚ್ಚಾಗಿ ಇಳಿಯುವಾಗ ಎಂದರು. ನೆಲ ಇನ್ನು ಹತ್ತು ಅಡಿ ಇದೆ ಎನ್ನುವಾಗ ವಿಮಾನ ನಡೆಸುವ ಸ್ಟಿಕ್ಕನ್ನು ಮೆಲ್ಲಗೆ ಹಿಂದಕ್ಕೆ ಎಳೆದು ಮೂಗು ಎತ್ತಬೇಕು. ವಿಮಾನ ಹಾರಲೂ ಆಗದೆ ಬೀಳಲೂ ಆಗದೆ ನೆಲದ ಮೇಲೆ ತೇಲುತ್ತದೆ. ವೇಗ ಕಳೆದು ಸುಸ್ತಾದ ಮೇಲೆ ತಾನಾಗಿ ಚಕ್ರ ಊರುತ್ತದೆ. ತಡವಾಗಿ ಎತ್ತಿದರೆ ಮೂಗಿನ ಚಕ್ರ ಬಡಿಯುತ್ತದೆ. ಬೇಗ ಎತ್ತಿದರೆ ಮೇಲೇ ಸುಸ್ತಾಗಿ ಕಲ್ಲಿನ ಹಾಗೆ ಬೀಳುತ್ತದೆ.

“ಹತ್ತು ಅಡಿ ಅಂತ ಹೇಗೆ ಗೊತ್ತಾಗುತ್ತೆ ಅಂಕಲ್? ಮೀಟರ್ ಇರುತ್ತಾ?” ಎಂದು ಕೇಳಿದೆ.

“ಅದಕ್ಕೆ ಮೀಟರ್ ಇಲ್ಲ ಕಣಮ್ಮ. ಕಣ್ಣಲ್ಲೇ ಅಂದಾಜು.”

ನಾನು ಕೌಂಟರಿನ ಮೇಲಿದ್ದ ಕನ್ನಡಕದ ಡಬ್ಬಿಯನ್ನು ಎತ್ತಿಟ್ಟೆ. ಆಮೇಲೆ ಅವರು ಹಲ್ವದ ಪೊಟ್ಟಣ ನನ್ನ ಕಡೆ ಸರಿಸಿದರು. ಬರುವ ಭಾನುವಾರ ಯಜಮಾನರಿಗೆ ನೆಂಟರ ಮನೆಯ ನಾಮಕರಣವಿದೆ, ಸೀಟು ಖಾಲಿ, ಬರುತ್ತೀಯಾ ಎಂದು ಕೇಳಿದರು. ನಾನು ಅದುವರೆಗೆ ಯಾವ ವಿಮಾನದಲ್ಲೂ ಕೂತವಳಲ್ಲ. ಬರುತ್ತೇನೆ ಎಂದೆ.

ಆ ಬೆಳಗಿನ ಹಾರಾಟವನ್ನು ನಾನು ಸುಳ್ಳು ಮಾಡಲಾರೆ. ತುಂಬ ಚೆನ್ನಾಗಿತ್ತು. ಒಳಗೆ ಹಳೆಯ ಅಂಬಾಸಿಡರ್ ಕಾರಿನ ಹಾಗೆ ಪೆಟ್ರೋಲು, ರೆಕ್ಸಿನ್ನಿನ ವಾಸನೆ. ಭುಜಕ್ಕೆ ಭುಜ ತಾಗುವಷ್ಟು ಇಕ್ಕಟ್ಟು. ಕೆಂಗೇರಿಯ ರೈಲು ಹಳಿ ಕೆಳಗೆ ಬಂತು, ಹೊಸದಾಗಿ ಅಗೆದ ರಸ್ತೆಯ ಕೆಂಪು ಗೀರು ಬಂತು, ದೂರದಲ್ಲಿ ಮನೆಗಳು ಮೊಸರಿನ ಮೇಲೆ ಬೂಂದಿ ಚೆಲ್ಲಿದ ಹಾಗೆ ಕಾಣುತ್ತಿದ್ದವು. ವಿಜಯನಗರ ಯಾವುದು ಎಂದು ಕೇಳಿದೆ. ಅಷ್ಟು ಹತ್ತಿರ ಹೋಗಲು ಅಪ್ಪಣೆ ಇಲ್ಲ ಎಂದು ಅಂಕಲ್ ಕೈ ಚಾಚಿ ಹೊಗೆಯಂಥ ಒಂದು ದಿಕ್ಕನ್ನು ತೋರಿಸಿದರು. ಮುಖದಲ್ಲಿ ಇಪ್ಪತ್ತು ವರ್ಷ ಇಳಿದಿತ್ತು. ಅಪ್ಪನಿಗೂ ಇಂಥದ್ದೊಂದು ಬೆಳಗು ಸಿಗಬೇಕಿತ್ತು ಎಂದು ನನಗೆ ಅನ್ನಿಸಿತು.

ಇಳಿಯುವಾಗ ಎಂಜಿನ್ ಸದ್ದು ತಗ್ಗಿತು. ಮಣ್ಣಿನ ರನ್‌ವೇ ಎದುರಿಗೆ ಅಗಲವಾಗುತ್ತಾ ಬಂತು. ಅಂಚಿನ ಹುಲ್ಲು ಇನ್ನೂ ಹಸಿರು ಚಾಪೆಯ ಹಾಗೆ ಕಾಣುತ್ತಿದ್ದಾಗಲೇ ಅಂಕಲ್ ಮೂಗು ಎತ್ತಿದರು. ನಾನು ಇದನ್ನೆಲ್ಲ ಮೊದಲ ಸಲ ನೋಡುತ್ತಿದ್ದವಳು. ಆದರೂ ನನ್ನ ಎರಡು ಕಣ್ಣಿಗೆ ನೆಲ ಇನ್ನೂ ದೂರ ಇದೆ ಎಂದು ಸ್ಪಷ್ಟವಾಗಿ ಕಾಣುತ್ತಿತ್ತು. ಒಂದು ಕ್ಷಣ ವಿಮಾನ ನಿಂತ ಹಾಗಾಯಿತು. ಆಮೇಲೆ ಕೆಳಕ್ಕೆ ಕುಸಿಯಿತು. ಧಡ್ ಎಂದು ಬಿದ್ದೆವು, ಪುಟಿದೆವು, ಮತ್ತೆ ಬಿದ್ದೆವು, ಓಡಿ ನಿಂತೆವು. ನನ್ನ ಹಲ್ಲುಗಳು ಒಂದಕ್ಕೊಂದು ತಾಗಿ ನಾಲಿಗೆ ಕಚ್ಚಿಕೊಂಡಿದ್ದೆ.

ಗಾಳಿ ಕೈಕೊಟ್ಟಿತು ಎಂದು ಅಂಕಲ್ ನಕ್ಕರು. ಚಾವಣಿಯ ಪಕ್ಕದ ಕಂಬಕ್ಕೆ ಗಾಳಿಯ ದಿಕ್ಕು ನೋಡಲು ಕಟ್ಟಿದ್ದ ಬಟ್ಟೆಯ ಚೀಲ ಸುಮ್ಮನೆ ಜೋತುಬಿದ್ದಿತ್ತು. ನಾನು ಅದನ್ನು ನೋಡಿದೆ. ನಾನು ನೋಡಿದ್ದನ್ನು ಅವರೂ ನೋಡಿದರು.

ಅಲ್ಲಿಂದ ವಿಜಯನಗರದವರೆಗೆ ಅವರ ಸ್ಕೂಟರಿನ ಹಿಂದೆ ಕೂತು ಬಂದೆ. ನಾಲಿಗೆಯಲ್ಲಿ ರಕ್ತದ ರುಚಿ ಇನ್ನೂ ಇತ್ತು. ಕೆಂಗೇರಿ ಹತ್ತಿರ ಎಳನೀರು ಕುಡಿಯಲು ನಿಲ್ಲಿಸಿದಾಗ ಹೇಳಬೇಕು ಅಂದುಕೊಂಡೆ. ಅವರು ಎಳನೀರಿನವನ ಜೊತೆ ಮಾತಿಗೆ ನಿಂತರು. ಅಂಗಡಿಯ ಮುಂದೆ ಇಳಿಸಿದಾಗ ಹೇಳಬೇಕು ಅಂದುಕೊಂಡೆ. “ಖುಷಿಯಾಯ್ತೇನಮ್ಮ?” ಎಂದು ಕೇಳಿದರು. ಆಯಿತು ಅಂಕಲ್ ಎಂದೆ. ಅದೂ ನಿಜವೇ ಆಗಿತ್ತು.

ಮೂರು ತಿಂಗಳಾದ ಮೇಲೆ ಒಂದು ಭಾನುವಾರ ಹನ್ನೊಂದು ಗಂಟೆ ಹೊತ್ತಿಗೆ ಅವರ ಹೆಂಡತಿಯ ಫೋನ್ ಬಂತು. ಆ ಆಂಟಿ ಅಳುತ್ತಿರಲಿಲ್ಲ. ವಿಮಾನ ಬಿದ್ದಿದೆ, ಇಬ್ಬರನ್ನೂ ರಾಜಾಜಿನಗರದ ಒಂದು ಆಸ್ಪತ್ರೆಗೆ ತರುತ್ತಿದ್ದಾರೆ, ಮಗಳು ಊರಲ್ಲಿಲ್ಲ, ನೀನು ಬರುತ್ತೀಯಾ ಎಂದು ಕೇಳಿದರು. ನಾನು ಅಂಗಡಿಯ ಬಾಗಿಲೆಳೆದು ಆಟೋ ಹಿಡಿದೆ.

ತೋಟದ ಕೆಲಸದವರು ನೋಡಿದ್ದನ್ನು ನಾನು ಆಸ್ಪತ್ರೆಯ ವರಾಂಡದಲ್ಲಿ ಕೇಳಿದೆ. ವಿಮಾನ ಎಂದಿನಂತೆ ಬಂತಂತೆ. ತೆಂಗಿನ ಗಿಡದಷ್ಟು ಎತ್ತರದಲ್ಲೇ ಮೂಗು ಎತ್ತಿತಂತೆ. ಅಲ್ಲೇ ಒಂದು ಗಳಿಗೆ ನಿಂತು, ಬಲಗಡೆಗೆ ವಾಲಿ ಕುಸಿಯಿತಂತೆ. ಬಲಗಡೆಯ ಚಕ್ರದ ಕಾಲು ಮುರಿಯಿತು, ರೆಕ್ಕೆ ನೆಲಕ್ಕೆ ತಾಗಿ ವಿಮಾನ ಗಿರ್ರನೆ ತಿರುಗಿ, ಮೂಗು ಮಣ್ಣಿಗೆ ಹೂತು ನಿಂತಿತು. ಬೆಂಕಿ ಹತ್ತಲಿಲ್ಲ. ಅಂಕಲ್‌ಗೆ ಕತ್ತಿನ ಹತ್ತಿರದ ಮೂಳೆ ಮುರಿದಿತ್ತು, ಹಣೆಯಲ್ಲಿ ಹೊಲಿಗೆ. ಬಲಗಡೆ ಕೂತಿದ್ದ ಯಜಮಾನರಿಗೆ ಸೊಂಟದ ಮೇಲೆ ಬೆನ್ನುಮೂಳೆಯ ಒಂದು ಬಿಲ್ಲೆ ಜಜ್ಜಿಹೋಗಿತ್ತು. ಕಾಲು ಆಡುತ್ತಿದೆ, ಅದೇ ದೊಡ್ಡದು ಎಂದು ವೈದ್ಯರು ಹೇಳಿದರಂತೆ. ಯಜಮಾನರ ಹೆಂಡತಿ ಬೆಂಚಿನ ಮೇಲೆ ಕೂತು ಆ ಮಾತನ್ನೇ ಬಂದವರಿಗೆಲ್ಲ ಹೇಳುತ್ತಿದ್ದರು. ಕಾಲು ಆಡ್ತಾ ಐತೆ, ಕಾಲು ಆಡ್ತಾ ಐತೆ.

ವಿಚಾರಣೆಗೆ ಬಂದ ಇಬ್ಬರು ಅಧಿಕಾರಿಗಳು ಅಂಕಲ್ ಮಂಚದ ಪಕ್ಕ ಕೂತು ಬರೆದುಕೊಂಡರು. ನಾನು ಆಂಟಿಯ ಜೊತೆ ಕಿಟಕಿಯ ಹತ್ತಿರ ನಿಂತಿದ್ದೆ. ಕೊನೆಯ ಗಳಿಗೆಯಲ್ಲಿ ಗಾಳಿ ತಿರುಗಿತು, ಸಾವರಿಸಲು ಆಗಲಿಲ್ಲ ಎಂದು ಅಂಕಲ್ ಹೇಳಿದರು. ಹೇಳುವಾಗ ನನ್ನ ಕಡೆ ನೋಡಲಿಲ್ಲ. ಮೆಡಿಕಲ್ ಕಾಗದ ನೋಡಿ, ಕಣ್ಣು ಸರಿಯಿದೆ ಎಂದು ಅವರಲ್ಲೊಬ್ಬರು ತಾವೇ ಓದಿಕೊಂಡರು. ನನಗೆ ಬಾಯಿ ತೆರೆಯಲು ಅದಕ್ಕಿಂತ ಸರಿಯಾದ ಹೊತ್ತು ಮತ್ತೆ ಸಿಗಲಿಲ್ಲ. ನಾನು ಕಿಟಕಿಯಿಂದ ಹೊರಗೆ, ಕೆಳಗೆ ನಿಲ್ಲಿಸಿದ್ದ ಬೈಕುಗಳನ್ನು ನೋಡುತ್ತಾ ನಿಂತೆ.

ಯಜಮಾನರು ಮೂರು ತಿಂಗಳು ಅಂಗಾತ ಮಲಗಬೇಕಾಯಿತು. ಸುಂಕದಕಟ್ಟೆಯ ಮನೆಯ ಹಾಲ್‌ನಲ್ಲೇ ಮಂಚ ಹಾಕಿದ್ದರು. ನನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದೆ. ಮಲಗಿಕೊಂಡವರಿಗೆಂದೇ ಒಂದು ಬಗೆಯ ಕನ್ನಡಕ ಬರುತ್ತದೆ. ಗಾಜಿನ ಬದಲು ಪ್ರಿಸಮ್ ಇರುತ್ತದೆ. ಮುಖ ಸೂರಿನ ಕಡೆ ಇದ್ದರೂ ಕಾಲ ಬಳಿಯ ಟೀವಿ ಕಾಣುತ್ತದೆ. ಅದನ್ನು ತರಿಸಿ ತೆಗೆದುಕೊಂಡು ಹೋದೆ. ಯಜಮಾನರು ಹಾಕಿಕೊಂಡು ಮೊದಲು ನೋಡಿದ್ದು ಟೀವಿಯನ್ನಲ್ಲ, ಬಾಗಿಲಾಚೆಯ ಅಂಗಳವನ್ನು. ಒಣಗಲು ಹಾಕಿದ ಬಟ್ಟೆ, ನೆಂಟರ ಬೈಕು, ಗೇಟಿನ ಆಚೆ ಹೋಗುವವರು. ಎಲ್ಲ ಕಾಣ್ತದೆ ಕಣವ್ವ ಎಂದು ಖುಷಿಯಿಂದ ಹೇಳಿದರು. ಅವರ ಹೆಂಡತಿ ನನ್ನ ಎರಡೂ ಕೈ ಹಿಡಿದುಕೊಂಡು, ನೀನು ಚೆನ್ನಾಗಿರಬೇಕು ಎಂದರು. ಕೊಟ್ಟ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಆ ದಿನಗಳಲ್ಲಿ ಅಂಕಲ್ ದಿನಾ ಅಲ್ಲಿಗೆ ಹೋಗುತ್ತಿದ್ದರು. ಕೈಗೆ ಜೋಲಿ ಕಟ್ಟಿಕೊಂಡೇ ಬಸ್ಸು ಹತ್ತಿ ಹೋಗಿ, ಮಂಚದ ಪಕ್ಕ ಕೂತು ಪೇಪರ್ ಓದಿ ಹೇಳುತ್ತಿದ್ದರು. ಗಾಳಿಯದೇ ತಪ್ಪು ಎಂದು ಯಜಮಾನರು ಬಂದವರಿಗೆಲ್ಲ ಅವರ ಪರವಾಗಿ ವಾದ ಮಾಡುತ್ತಿದ್ದರು.

ವಿಮಾನ ಬಿದ್ದ ನಾಲ್ಕು ತಿಂಗಳ ಮೇಲೆ ಅಂಕಲ್ ತಾವಾಗಿಯೇ ಎಡಗಣ್ಣಿನ ಆಪರೇಷನ್ ಮಾಡಿಸಿಕೊಂಡರು. ಆಮೇಲೊಂದು ದಿನ ಹೊಸ ಕನ್ನಡಕಕ್ಕೆ ಅಂಗಡಿಗೆ ಬಂದರು. ಬಲಗಣ್ಣು ಮುಚ್ಚಿಸಿ ಕನ್ನಡಿಯಲ್ಲಿ ಓದಿಸಿದೆ. ಮೇಲಿನಿಂದ ಕೊನೆಯ ಸಾಲಿನವರೆಗೂ, ಅಚ್ಚಿನಲ್ಲಿದ್ದ ಕಂಪನಿಯ ಸಣ್ಣ ಅಕ್ಷರಗಳನ್ನೂ ಓದಿದರು. ಓದಿ ಮುಗಿಸಿ, ಕನ್ನಡಿಯಲ್ಲೇ ನನ್ನನ್ನು ನೋಡಿದರು.

“ಚಾರ್ಟ್ ಕೊಡಲ್ಲ ಅಂತ ನೀನು ಅಂದಿದ್ರೆ ನಂಗೆ ಬೇಜಾರಾಗ್ತಿತ್ತು,” ಎಂದರು. “ಒಂದು ತಿಂಗಳು ನಿನ್ನ ಹತ್ರ ಮಾತಾಡ್ತಿರ್ಲಿಲ್ಲವೇನೋ. ಅಷ್ಟೇ ಕಣಮ್ಮ.”

ದೂರುವ ದನಿಯಲ್ಲಿ ಹೇಳಲಿಲ್ಲ. ತಪ್ಪು ತಮ್ಮದೇ ಎಂದು ಅದರ ಹಿಂದೆಯೇ ಹೇಳಿದರು. ಆದರೆ ನನಗೆ ಆ ಮೊದಲ ಮಾತೇ ಉಳಿಯಿತು. ಒಂದು ತಿಂಗಳ ಮುನಿಸು. ಅಷ್ಟಕ್ಕೆ ಹೆದರಿ ನಾನು ಸ್ಟೂಲು ಹತ್ತಿದ್ದೆ. ಹೆದರದೆ ಇದ್ದಿದ್ದರೆ ಅವರು ಆಗಲೇ ಆಪರೇಷನ್ ಮಾಡಿಸಿಕೊಂಡು, ಕೆಲವು ತಿಂಗಳು ನೆಲದ ಮೇಲಿದ್ದು, ಎರಡು ಒಳ್ಳೆಯ ಕಣ್ಣುಗಳೊಂದಿಗೆ ಮತ್ತೆ ಹಾರಿಸುತ್ತಿದ್ದರು. ಈಗ ಕಣ್ಣಿತ್ತು. ವಿಮಾನ ಚಾವಣಿಯ ಕೆಳಗೆ ಟಾರ್ಪಾಲಿನಡಿ ಮುರಿದು ಬಿದ್ದಿತ್ತು. ಇನ್ನು ಹತ್ತುವುದಿಲ್ಲ ಎಂದು ಆಂಟಿಗೆ ಮಾತು ಕೊಟ್ಟಿದ್ದರು.

ಅದಾದ ವಾರವೇ ನಾನು ಸುಂಕದಕಟ್ಟೆಗೆ ಹೋದೆ. ಯಜಮಾನರು ಆಗ ಎದ್ದು ಓಡಾಡುತ್ತಿದ್ದರು. ಎದೆಯಿಂದ ಸೊಂಟದವರೆಗೆ ಬಿಗಿದ ಬೆಲ್ಟು, ಕೈಯಲ್ಲಿ ಕೋಲು. ಜಗಲಿಯ ಮೇಲೆ ಬೆನ್ನಿಗೆ ದಿಂಬಿಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದರು. ನಾನು ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಪೊರೆ, ಪೆನ್ನು, ಚಾರ್ಟು, ನಾನು ಹಾರಿದ ಭಾನುವಾರ, ಜೋತುಬಿದ್ದಿದ್ದ ಗಾಳಿಚೀಲ. ಒಳಗೆ ಕುಕ್ಕರ್ ಎರಡು ಸಲ ಕೂಗಿತು.

“ಪೆನ್ನು ಮುಟ್ಟಿಸಿ ನೋಡಿದ್ದು, ನೀನು ಪ್ಲೇನ್ ಹತ್ತೋದಕ್ಕೆ ಮುಂಚೆನಾ?” ಎಂದು ಕೇಳಿದರು.

ಮುಂಚೆ ಎಂದೆ.

“ಸರಿ. ನಿಂಗೆ ಗೊತ್ತಿತ್ತು, ಗೊತ್ತಿದ್ದೂ ಹತ್ತಿದೆ. ಅದು ನಿನ್ನಿಷ್ಟ. ನಂಗೆ ಗೊತ್ತಿರ್ಲಿಲ್ವಲ್ಲವ್ವ.” ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡರು. “ಹೇಳಿದ್ರೂ ನಾನು ಹತ್ತುತ್ತಿದ್ನೋ ಏನೋ, ಅವನ ಮೇಲೆ ಅಷ್ಟು ನಂಬಿಕೆ ನಂಗೆ. ಆದ್ರೆ ನನ್ನ ಒಂದ್ ಮಾತು ಕೇಳ್ಬೇಕಿತ್ತು. ನೀವಿಬ್ರೂ.”

ಅವರ ಹೆಂಡತಿ ತಟ್ಟೆಯಲ್ಲಿ ಚಕ್ಕುಲಿ ಇಟ್ಟುಕೊಂಡು ಬಂದರು. ಯಜಮಾನರು ಮಾತು ಬದಲಿಸಿ, ಮಾಗಡಿ ರಸ್ತೆಯ ಟ್ರಾಫಿಕ್ಕಿನ ಬಗ್ಗೆ ಏನೋ ಹೇಳಿದರು. ಹೊರಡುವಾಗ ಎಂದಿನಂತೆ ಹುಷಾರಾಗಿ ಹೋಗು ಎಂದು ಹೇಳಲಿಲ್ಲ.

ಅವತ್ತು ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಹಗುರಾಗಿತ್ತು. ನಾಚಿಕೆಯ ಮಾತು, ಆದರೂ ಹಗುರಾಗಿತ್ತು. ಆ ಹಗುರ ಹತ್ತು ದಿನ ಇತ್ತು. ಹನ್ನೊಂದನೆಯ ದಿನ ಅಂಕಲ್ ಅಂಗಡಿಗೆ ಬಂದು, ಗಿರಾಕಿ ಹೋಗುವವರೆಗೆ ಹೊರಗೆ ನಿಂತಿದ್ದು, ಆಮೇಲೆ ಒಳಗೆ ಬಂದರು. ಸುಂಕದಕಟ್ಟೆಗೆ ಇನ್ನು ಬರಬೇಡ ಎಂದು ಯಜಮಾನರು ಅವರಿಗೆ ಹೇಳಿಕಳಿಸಿದ್ದರು.

“ನಾನೇ ಹೇಳೋನಿದ್ದೆ,” ಎಂದರು ಅಂಕಲ್. “ಕಣ್ಣು ಮಾಡಿಸ್ಕೊಂಡಿದ್ದೇ ಅದಕ್ಕೆ, ತಪ್ಪು ಒಪ್ಕೊಳ್ಳೋಕೆ ಮುಂಚೆ ಅದನ್ನ ಸರಿಮಾಡ್ಬೇಕು ಅಂತ. ಅವನು ಕೋಲಿಲ್ದೆ ನಡೆಯೋ ಹಾಗಾಗ್ಲಿ, ಆಮೇಲೆ ಹೇಳೋಣ ಅಂತಿದ್ದೆ. ನನ್ನ ಬಾಯಿಂದ ಕೇಳಿದ್ರೆ ಬೇರೆ ಇರ್ತಿತ್ತು ಕಣಮ್ಮ. ಬೈದು, ಹೊಡೆದು, ಸುಮ್ನಾಗ್ತಿದ್ದ.”

ಅವರು ನಿಜವಾಗಿ ಹೇಳುತ್ತಿದ್ದರೋ, ಮುಂದೂಡುತ್ತಲೇ ಇರುತ್ತಿದ್ದರೋ ನನಗೆ ಗೊತ್ತಿಲ್ಲ. ಆದರೆ ನಾನು ಹೋಗುವ ಮೊದಲು ಅವರಿಗೆ ಒಂದು ಮಾತು ತಿಳಿಸಲಿಲ್ಲ ಎನ್ನುವುದು ಗೊತ್ತು. ಯಜಮಾನರನ್ನು ಕೇಳದೆ ಒಂದು ಸಲ ತೀರ್ಮಾನಿಸಿದ್ದೆ, ಅಂಕಲನ್ನು ಕೇಳದೆ ಇನ್ನೊಂದು ಸಲ. ಹೇಳಬೇಕಾದಾಗ ಬಾಯಿ ಮುಚ್ಚಿಕೊಂಡಿದ್ದೆ. ಹೇಳಿದಾಗ ಹೇಳಿದ್ದು ನನ್ನ ಎದೆ ಹಗುರಾಗಲೆಂದು. ಇಪ್ಪತ್ತು ವರ್ಷ ಒಂದೇ ಶೆಡ್ಡಿನ ನೆರಳಲ್ಲಿ ಚಹಾ ಕುಡಿದ ಇಬ್ಬರು, ಒಬ್ಬರ ಮುಖ ಒಬ್ಬರು ನೋಡದೆ ಆ ವರ್ಷ ಕಳೆದರು.

ಅಂಕಲ್ ನಮ್ಮ ಅಂಗಡಿಗೆ ಬರುವುದನ್ನು ನಿಲ್ಲಿಸಲಿಲ್ಲ. ಆದರೆ ಕನ್ನಡಕದ ಕೆಲಸ ಮುಗಿದ ಕೂಡಲೇ ಎದ್ದುಬಿಡುತ್ತಿದ್ದರು. ನಾನು ಪೊರೆ ಕಂಡ ಪ್ರತಿಯೊಬ್ಬರಿಗೂ ಈಗ ಅವರ ಮನೆಯವರ ಎದುರೇ ಹೇಳುತ್ತೇನೆ. ಬಸ್ಸು ಓಡಿಸುವವರು, ಲಾರಿಯವರು, ಮನೆಯಿಂದ ಸ್ಕೂಟರ್ ತೆಗೆಯುವ ಮೇಷ್ಟ್ರು, ಯಾರೇ ಆಗಲಿ, ಆಪರೇಷನ್ ಆಗುವವರೆಗೆ ಗಾಡಿ ಮುಟ್ಟಬೇಡಿ ಎನ್ನುತ್ತೇನೆ. ಕೆಲವರು ಕೋಪ ಮಾಡಿಕೊಂಡು ಪಕ್ಕದ ಅಂಗಡಿಗೆ ಹೋಗುತ್ತಾರೆ. ಹೋಗಲಿ ಎನಿಸುತ್ತದೆ. ಆದರೆ ಇದರಿಂದ ಸುಂಕದಕಟ್ಟೆಯವರ ಬೆನ್ನಿಗೆ ಏನೂ ಆಗುವುದಿಲ್ಲ ಎನ್ನುವುದೂ ಗೊತ್ತು.

ಯಜಮಾನರನ್ನು ನಾನು ಮತ್ತೆ ನೋಡಿದ್ದು ಮಾಗಡಿ ರಸ್ತೆಯಲ್ಲಿ ಮೆಟ್ರೋಗಾಗಿ ಅಗೆತ ಶುರುವಾದ ವರ್ಷ, ಹೊಸಹಳ್ಳಿಯ ಒಂದು ಛತ್ರದಲ್ಲಿ, ಯಾರದೋ ಮದುವೆಯಲ್ಲಿ. ಊಟದ ಮೊದಲ ಪಂಕ್ತಿಗೆ ಕಾಯುತ್ತಾ ಗೋಡೆಯ ಬದಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಬೆಲ್ಟು ಅಂಗಿಯ ಒಳಗಿತ್ತು. ತಪ್ಪಿಸಿಕೊಂಡು ಹೋಗಬಹುದಿತ್ತು, ಅವರು ನನ್ನನ್ನು ನೋಡಿರಲಿಲ್ಲ. ಹೋಗಿ ಎದುರಿಗೆ ನಿಂತೆ.

ಅಂಗಡಿ ಹೇಗೆ ನಡೀತಿದೆ ಎಂದು ಕೇಳಿದರು. ರಸ್ತೆ ಅಗೆದು ಗಿರಾಕಿ ಕಡಿಮೆ ಎಂದೆ. ಅಮ್ಮ ಹೇಗಿದ್ದಾರೆ ಎಂದು ಕೇಳಿದರು. ಹೇಳಿದೆ. ಅಂಕಲ್ ಬಗ್ಗೆ ನಾನಾಗಿ ಕೇಳುವ ಧೈರ್ಯ ಇರಲಿಲ್ಲ. ಅವರೇ ಹೇಳಿದರು. “ಬತ್ತಾನೆ ಈಗ. ತಿಂಗಳಿಗೊಂದ್ಸಲ ಬತ್ತಾನೆ, ಒಂದರ್ಧ ಗಂಟೆ ಕೂತು ಹೋಯ್ತಾನೆ. ಮೊದಲಿನ ಹಂಗಿಲ್ಲ.”

ಒಳಗಿನಿಂದ ಊಟಕ್ಕೆ ಏಳಿ ಎಂದು ಕರೆದರು. ಸುತ್ತಲಿನವರೆಲ್ಲ ಎದ್ದು ಬಾಗಿಲ ಕಡೆ ನುಗ್ಗಿದರು. ಯಜಮಾನರು ಎರಡೂ ಕೈಯನ್ನು ಕುರ್ಚಿಯ ತೋಳಿನ ಮೇಲೆ ಊರಿ, ಮೈಯನ್ನು ಮೊದಲು ಮುಂದಕ್ಕೆ ಬಾಗಿಸಿ, ಉಸಿರು ಹಿಡಿದು, ಸ್ವಲ್ಪ ಸ್ವಲ್ಪವಾಗಿ ಮೇಲೇಳತೊಡಗಿದರು. ಕೈ ಕೊಡಬೇಕೋ ಬೇಡವೋ ನನಗೆ ತಿಳಿಯಲಿಲ್ಲ. ಕೊಡಲೇ ಎಂದು ಕೇಳಿದೆ. ಅವರು ಬೇಡ ಎನ್ನುವಂತೆ ತಲೆಯಾಡಿಸಿದರು. ಅವರು ಪೂರ್ತಿ ನೆಟ್ಟಗಾಗುವವರೆಗೆ ನಾನು ಪಕ್ಕದಲ್ಲೇ ನಿಂತಿದ್ದೆ.